ಮೂಗಿನ ಸಾಹೇಬರ ಪ್ರವಾಸ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳ ಗಂಡನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯ ಮ್ಯಾನೇಜರ್ ತನಕ ಎಲ್ಲರಿಗೂ ಅವನು ‘ಮೂಗಿನ ಸಾಹೇಬರು’. ಎಣ್ಣೆ, ಬೆಣ್ಣೆ, ಹಿಟ್ಟು, ಹಾಲಿನ ಪುಡಿ ಏನೇ ಬರಲಿ, ಅವನು ಮೂಸಿ ನೋಡಿ ಹಸಿರು ಚೀಟಿ ಅಂಟಿಸಿದ ಮೇಲೆಯೇ ಅದು ಒಳಗೆ ಹೋಗಬೇಕು. ಕೆಂಪು ಚೀಟಿಯಾದರೆ ಬಂದ ಲಾರಿಯಲ್ಲೇ ವಾಪಸ್ಸು. ಪ್ರಯೋಗಾಲಯದವರು ಸರಿಯಿದೆ ಎಂದ ಎಣ್ಣೆಯನ್ನು ಒಮ್ಮೆ ಮೂಸಿ, “ಇನ್ನು ನಾಲ್ಕು ದಿನಕ್ಕೆ ಇದು ಕಮಟು ಹಿಡಿಯುತ್ತೆ” ಎಂದಿದ್ದನಂತೆ. ನಾಲ್ಕನೆಯ ದಿನ ಹಿಡಿಯಿತಂತೆ. ಮನೆಗೆ ಬಂದವರಿಗೆಲ್ಲ ಅವನು ಈ ಕಥೆ ಹೇಳುತ್ತಿದ್ದ. ಅವಳು ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು.

ಮೂವತ್ತು ವರ್ಷ ಸರ್ವೀಸು ತುಂಬಿದ್ದಕ್ಕೆ ಕಾರ್ಖಾನೆಯವರು ಅವನಿಗೆ ಒಂದು ಉಡುಗೊರೆ ಕೊಟ್ಟರು. ಗುಡ್ಡಗಳ ಆಚೆ, ದ್ರಾಕ್ಷಿ ತೋಟಗಳ ಸೀಮೆಯಲ್ಲಿ, ಗಂಡ ಹೆಂಡತಿಗೆ ಎರಡು ದಿನದ ವಾಸ. ತೋಟ ಸುತ್ತುವುದು, ವೈನ್ ರುಚಿ ನೋಡುವುದು ಎಲ್ಲ ಸೇರಿ. ಕಾರ್ಡಿನ ಮೇಲೆ ಮ್ಯಾನೇಜರ್ ತನ್ನ ಕೈಯಾರೆ ಬರೆದಿದ್ದ: ‘ನಮ್ಮ ಮೂಗಿಗೆ ತಕ್ಕ ಜಾಗ.’

ಗಂಡ ಆ ಕಾರ್ಡನ್ನು ಫ್ರಿಜ್ಜಿನ ಮೇಲಿಟ್ಟು ಮರೆತವನಂತೆ ಇದ್ದುಬಿಟ್ಟ. ಅವಳು ಕೇಳಿದಾಗ ಮೊದಲು ಮೊಣಕಾಲು ನೋವು ಎಂದ. ಆಮೇಲೆ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಎಂದ. ಕೊನೆಗೆ, “ಅಲ್ಲ ಕಣೇ, ಕುಡಿಯೋ ಅಭ್ಯಾಸವೇ ಇಲ್ಲದ ನಾವು ಅಲ್ಲಿ ಹೋಗಿ ಮಾಡೋದೇನು?” ಎಂದ.

“ಕುಡೀಬೇಡಿ. ಮೂಸಿ ಇಟ್ಟುಬಿಡಿ. ನಿಮ್ಮ ಕೆಲಸವೇ ಅದಲ್ವಾ?” ಎಂದಳು ಅವಳು.

ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳಿಗೆ ಹೋಗಲೇಬೇಕಿತ್ತು. ಹದಿನೆಂಟು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಮಕ್ಕಳ ಪಾಲಿಗೆ ‘ವ್ಯಾನ್ ಆಂಟಿ’. ಬೆಳಗ್ಗೆ ಹನ್ನೊಂದು ಸ್ಟಾಪು, ಸಂಜೆ ಅವೇ ಹನ್ನೊಂದು ಸ್ಟಾಪು. ಗೇರು ಮೂರರಿಂದ ಮೇಲೆ ಹಾಕಲು ಆಸ್ಪದವೇ ಇಲ್ಲದ ಬೀದಿಗಳು. ಆ ಗುಡ್ಡದ ರಸ್ತೆಯ ಬಗ್ಗೆ ಬೇರೆ ಡ್ರೈವರುಗಳು ಹೇಳುವುದನ್ನು ಕೇಳಿದ್ದಳು: ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದಲ್ಲಿ ನದಿ, ಸ್ಟಿಯರಿಂಗ್ ಹಿಡಿದವರಿಗೆ ಅಲ್ಲಿ ಹಬ್ಬ. ರಜೆ ಹಾಕಿದಳು, ಕಾರಿನ ಟೈರಿಗೆ ಗಾಳಿ ಹೊಡೆಸಿದಳು, ಗಂಡನ ಬಟ್ಟೆಯನ್ನೂ ತಾನೇ ಬ್ಯಾಗಿಗೆ ತುಂಬಿದಳು. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಶನಿವಾರ ಬೆಳಗ್ಗೆ ಬೇರೆ ನೆವ ಸಿಗದೆ ಪಕ್ಕದ ಸೀಟಿನಲ್ಲಿ ಬಂದು ಕೂತ.

ಹೆದ್ದಾರಿ ಬಿಟ್ಟು ಗುಡ್ಡ ಹತ್ತತೊಡಗಿದಾಗ ಅವಳಿಗೆ ಹತ್ತು ವರ್ಷ ಚಿಕ್ಕವಳಾದಂತಾಯಿತು. ತಿರುವಿನ ಮೇಲೆ ತಿರುವು. ಕೆಳಗೆ ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಎತ್ತರಕ್ಕೆ ಹೋದಂತೆ ಇಳಿಜಾರಿನ ತುಂಬ ದ್ರಾಕ್ಷಿಯ ಸಾಲುಗಳು ಬಾಚಿದ ಕೂದಲಿನಂತೆ ನೇರವಾಗಿ ಕೆಳಗಿಳಿದಿದ್ದವು. ಕೊಯ್ಲು ಆಗಷ್ಟೇ ಮುಗಿದಿತ್ತು, ಎಲೆಗಳು ಹಳದಿಗೆ, ಅಲ್ಲಲ್ಲಿ ಕೆಂಪಿಗೆ ತಿರುಗಿದ್ದವು. ಒಂದು ಕಡೆ ಕಾರು ನಿಲ್ಲಿಸಿ ಇಬ್ಬರೂ ಫ್ಲಾಸ್ಕಿನ ಕಾಫಿ ಕುಡಿದರು. ಅವಳು ಕಲ್ಲಿನ ಕಟ್ಟೆಯ ಮೇಲೆ ಮೊಣಕೈ ಊರಿ ನೋಡಿದ್ದೇ ನೋಡಿದ್ದು.

“ಇಷ್ಟು ಚೆಂದ ಇರುತ್ತೆ ಅಂತ ಗೊತ್ತಿದ್ರೆ ನಿಮ್ಮನ್ನ ಕೇಳ್ತಲೇ ಇರ್ಲಿಲ್ಲ. ಒಬ್ಬಳೇ ಬಂದುಬಿಡ್ತಿದ್ದೆ” ಎಂದಳು.

“ಬರಬಹುದಿತ್ತಪ್ಪ” ಎಂದು ಅವನೂ ನಕ್ಕ. ಆ ದಿನ ಅವನು ನಕ್ಕಿದ್ದು ಅದೇ ಮೊದಲು.

ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗಿರಬೇಕು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. “ಬ್ರೇಕ್ ಸುಟ್ಟ ಹಾಗಿದೆ ಅಲ್ವಾ?” ಎಂದಳು. ಅವನು ಅವಳ ಮುಖ ನೋಡಿದ, ಮುಂದಿನ ಲಾರಿ ನೋಡಿದ. “ಹ್ಞೂಂ, ಆ ಲಾರೀದು” ಎಂದ. ಲಾರಿ ಅಡ್ಡದಾರಿಗೆ ತಿರುಗಿ ಮರೆಯಾಯಿತು. ವಾಸನೆ ಮಾತ್ರ ಕಾರಿನೊಳಗೇ ಉಳಿಯಿತು, ಕಣ್ಣು ಉರಿಯುವಷ್ಟು ಹೆಚ್ಚಾಯಿತು. ಅವಳು ಕೆಳಗೆ ನೋಡಿದರೆ ಹ್ಯಾಂಡ್‌ಬ್ರೇಕು ಅರ್ಧ ಮೇಲೇ ಇತ್ತು. ನೋಟದ ಗುಂಗಿನಲ್ಲಿ ಪೂರ್ತಿ ಇಳಿಸಿರಲಿಲ್ಲ. ಹದಿನೆಂಟು ವರ್ಷದ ಡ್ರೈವರಿಗೆ ನಾಚಿಕೆಗೇಡು.

“ನಾನಂತೂ ಮರೆತೆ. ಮೂಗಿನ ಸಾಹೇಬ್ರಿಗೂ ಇವತ್ತು ರಜಾನಾ?” ಎಂದು ಚುಡಾಯಿಸಿದಳು.

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಸಿಟ್ಟು ಬಂದಿರಬೇಕು ಎಂದುಕೊಂಡು ಅವಳು ಬ್ರೇಕು ಪೂರ್ತಿ ಇಳಿಸಿದಳು.

ತೋಟ ತಲುಪಿದಾಗ ಮಧ್ಯಾಹ್ನವಾಗಿತ್ತು. ತೋಟದ ಒಡತಿಗೆ ಅರವತ್ತರ ಹತ್ತಿರ ವಯಸ್ಸು. ಕಾಲಿಗೆ ಮಣ್ಣು ಮೆತ್ತಿದ ಬೂಟು, ಬೆರಳಿನ ತುಂಬ ಕತ್ತರಿ ತಾಗಿದ ಹಳೇ ಗಾಯದ ಗುರುತು. ಅತಿಥಿಗಳನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಗೋಡೆಗೆ ಸಾಲಾಗಿ ಮರದ ಪೀಪಾಯಿಗಳು, ನಡುವೆ ಉದ್ದನೆಯ ಹಲಗೆಯ ಮೇಜು. ಇವರಿಬ್ಬರ ಜೊತೆ ಹೊಸದಾಗಿ ಮದುವೆಯಾದ ಒಂದು ಜೋಡಿ, ಒಬ್ಬರು ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ ಇದ್ದರು.

ಒಡತಿ ಎರಡು ಬಾಟಲಿ ತೆರೆದು ಎಲ್ಲರ ಲೋಟಕ್ಕೂ ಒಂದೊಂದು ಗುಟುಕು ಸುರಿದು ಹೇಗೆ ಮೂಸಬೇಕು, ಹೇಗೆ ಬಾಯಲ್ಲಿ ಹೊರಳಿಸಬೇಕು ಎಂದು ಹೇಳಿಕೊಟ್ಟಳು. ಹೊಸ ಜೋಡಿ ಕಿಸಕಿಸ ನಗುತ್ತಿತ್ತು. ಗಂಡ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ.

“ನಮ್ಮೋರದ್ದು ಮೂಸೋದೇ ಉದ್ಯೋಗ. ಮೂವತ್ತು ವರ್ಷದಿಂದ. ಬಿಸ್ಕತ್ತು ಕಾರ್ಖಾನೇಲಿ ಇವರು ಹ್ಞೂಂ ಅಂದ್ರೆ ಮಾತ್ರ ಎಣ್ಣೆ ಒಳಗೆ ಹೋಗೋದು” ಎಂದುಬಿಟ್ಟಳು.

“ಹೌದಾ? ಹಾಗಾದ್ರೆ ಇದನ್ನ ಮೊದಲು ಇವರೇ ಹೇಳಲಿ” ಎಂದು ಒಡತಿ ಮೂರನೆಯ ಬಾಟಲಿಯ ಬಿರಡೆ ಎಳೆದು ಮೊದಲು ಅವನ ಲೋಟಕ್ಕೆ, ಆಮೇಲೆ ಉಳಿದವರಿಗೆ ಸುರಿದಳು.

ಅವನು ಲೋಟ ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಮೂಗು ಒಳಗಿಟ್ಟು ಕಣ್ಣು ಮುಚ್ಚಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ಅಬ್ಬಾ” ಎಂದ. “ಹಣ್ಣಿನ ವಾಸನೆ ಎಷ್ಟು ತಾಜಾ ಇದೆ ನೋಡಿ. ಇವತ್ತೇ ಗಿಡದಿಂದ ಕಿತ್ತ ಹಾಗೆ. ಹಿಂದೆ ಸ್ವಲ್ಪ ಜೇನು ಇದೆ. ಮೂರರಲ್ಲಿ ಇದೇ ಉತ್ತಮ.”

ಅಷ್ಟರಲ್ಲಿ ಅವಳೂ ತನ್ನ ಲೋಟ ಮೂಗಿನ ಹತ್ತಿರ ತಂದಿದ್ದಳು. ವೈನಿನ ಗಂಧಗಾಳಿ ಗೊತ್ತಿಲ್ಲದ ಅವಳಿಗೂ ಗೊತ್ತಾಯಿತು. ಬೇಸಿಗೆ ರಜೆಯಲ್ಲಿ ಬಾಗಿಲು ಹಾಕಿಟ್ಟ ವ್ಯಾನಿನೊಳಗೆ ನೆಂದ ಮ್ಯಾಟು ಕೊಳೆತು ಬರುವ ವಾಸನೆ ಅದು. ಹಲ್ಲಿನ ಡಾಕ್ಟರ ಹೆಂಡತಿ ಮೂಗು ಮುರಿದು ಲೋಟ ದೂರ ಸರಿಸಿದರು. ಒಡತಿ ಬಾಟಲಿಯ ಬಾಯನ್ನು ಮೂಸಿದವಳೇ ಮುಖ ಸಣ್ಣ ಮಾಡಿಕೊಂಡಳು.

“ಅಯ್ಯೋ, ಕ್ಷಮಿಸಿ. ಯಾರೂ ಕುಡೀಬೇಡಿ. ಬಿರಡೆ ಕೆಟ್ಟು ವೈನು ಹಾಳಾಗಿದೆ. ನೆಂದ ಗೋಣಿಚೀಲದ ವಾಸನೆ.”

 ಗಂಡ ಜೋರಾಗಿ ನಕ್ಕ. “ನೀವಾಗೇ ಹೇಳ್ತೀರೋ, ಗಿರಾಕಿ ತಲೆಗೆ ಕಟ್ತೀರೋ ನೋಡೋಣ ಅಂತ ಹಾಗಂದೆ” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. “ಅನುಭವ ಅಂದ್ರೆ ಇದಪ್ಪ” ಎಂದರು ಹಲ್ಲಿನ ಡಾಕ್ಟರು.

ಅವಳು ನಗಲಿಲ್ಲ. ಆ ನಗು ಅವಳಿಗೆ ಪರಿಚಯವಿತ್ತು. ವ್ಯಾನಿನ ಸೀಟು ಒದ್ದೆ ಮಾಡಿಕೊಂಡ ಮಗು ಬೇರೆಯವರು ನೋಡುವ ಮೊದಲೇ ಹೀಗೆ ಜೋರಾಗಿ ನಗುತ್ತದೆ.

ಉಳಿದ ಬಾಟಲಿಗಳಲ್ಲಿ ಏನಿತ್ತೋ ಅವಳಿಗೆ ನೆನಪಿಲ್ಲ. ಮೇಜಿನ ಮುಂದೆ ಕೂತೇ ಅವಳು ಮನಸ್ಸಿನಲ್ಲಿ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಿದ್ದಳು. ಹಾಲು ಉಕ್ಕಿ ಸೀದು ಕಪ್ಪಾದರೂ ಅವನು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತ ಕೂತಿದ್ದ. ಗ್ಯಾಸಿನ ಗುಂಡಿ ತಿರುಗಿಸಿ ಬೆಂಕಿ ಹಚ್ಚಲು ಮರೆತು ಹೊರಟುಹೋಗಿದ್ದ, ಅವಳು ಬಂದು ಕಿಟಕಿ ತೆರೆದಿದ್ದಳು. ವಯಸ್ಸಾಯಿತು, ಮರೆವು ಎಂದುಕೊಂಡಿದ್ದಳು. ಹಿಂದೆಲ್ಲ ಬಾಗಿಲಲ್ಲೇ ನಿಂತು “ಇವತ್ತು ಏನು ಅಡುಗೆ ಅಂತ ಹೇಳ್ಲಾ?” ಎನ್ನುತ್ತಿದ್ದವನು ಅದನ್ನು ಯಾವಾಗ ನಿಲ್ಲಿಸಿದ? ನೆನಪಾಗಲಿಲ್ಲ.

ಕೋಣೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಿಟಕಿಯ ಆಚೆ ಸಾಲು ಸಾಲು ದ್ರಾಕ್ಷಿ ಬಳ್ಳಿ. ಅವನು ಶೂ ಬಿಚ್ಚಿ ಮಂಚದ ಮೇಲೆ ಕೂತ.

“ಕಣ್ಣು ಮುಚ್ಚಿ” ಎಂದಳು.

“ಏನೇ ಇದು, ಈ ವಯಸ್ಸಲ್ಲಿ?”

“ಮುಚ್ಚಿ ಅಂದೆ.”

ಅವನು ಮುಚ್ಚಿದ. ಅವಳು ಮೇಜಿನ ಮೇಲಿದ್ದ ಕಾಫಿ ಪುಡಿಯ ಸಣ್ಣ ಪೊಟ್ಟಣ ಹರಿದು ಅವನ ಮೂಗಿನ ಕೆಳಗೆ ಹಿಡಿದಳು.

“ಕಾಫಿ” ಎಂದ ಅವನು ತಕ್ಷಣ. ಹರಿದ ಸದ್ದು ಅವನಿಗೆ ಕೇಳಿತ್ತು.

ಅವಳು ಬಚ್ಚಲುಮನೆಗೆ ಹೋದಳು. ನಲ್ಲಿ ತಿರುಗಿಸಿ ನಿಲ್ಲಿಸಿದಳು. ಏನನ್ನೂ ಮುಟ್ಟದೆ ವಾಪಸು ಬಂದು ಖಾಲಿ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ದೀರ್ಘವಾಗಿ ಉಸಿರೆಳೆದುಕೊಂಡ.

“ಸೋಪು” ಎಂದ. ಆಮೇಲೆ ಇನ್ನೂ ಒಂದು ಸಲ ಎಳೆದು, “ಒಳ್ಳೇ ಸೋಪು” ಎಂದ.

ಅವನು ಕಣ್ಣು ತೆರೆದ. ಖಾಲಿ ಕೈ ಇನ್ನೂ ಅಲ್ಲೇ ಇತ್ತು.

“ಯಾವಾಗಿಂದ?” ಎಂದಳು.

ಅವನು ಸ್ವಲ್ಪ ಹೊತ್ತು ಕೈಯನ್ನೇ ನೋಡಿದ. “ಆ ಜ್ವರ ಬಂದಿತ್ತಲ್ಲ, ಹಾಸಿಗೆ ಹಿಡಿದಿದ್ದೆನಲ್ಲ” ಎಂದ.

“ಎರಡೂವರೆ ವರ್ಷ.”

“ಬರುತ್ತೆ ಬರುತ್ತೆ ಅಂತ ಕಾದೆ. ಡಾಕ್ಟರೂ ಹಾಗೇ ಅಂದ್ರು. ಆಮೇಲೆ ಯಾರಿಗೆ ಹೇಳ್ಲಿ? ಮೂಗಿನ ಸಾಹೇಬ್ರಿಗೆ ಮೂಗೇ ಇಲ್ಲ ಅಂದ್ರೆ ಗೇಟ್ ಕಾಯೋನೂ ನಗ್ತಾನೆ.”

“ನನಗೆ ಹೇಳಬಹುದಿತ್ತು.”

“ನಿನಗೆ ಹೇಳಿಬಿಟ್ರೆ ನಿಜ ಆಗೋಗುತ್ತೆ ಅನ್ನಿಸ್ತು ಕಣೇ.”

 ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ಎರಡೂವರೆ ವರ್ಷ ಒಬ್ಬನೇ ಇದನ್ನು ಹೊತ್ತುಕೊಂಡು ತಿರುಗಿದನಲ್ಲ ಎನ್ನಿಸಿತು. ಹಾಗೆ ಕೈ ಹಿಡಿದುಕೊಂಡೇ, ಬೇರೆ ಯಾವ ಯೋಚನೆಯೂ ಇಲ್ಲದೆ ಕೇಳಿದಳು: “ಮತ್ತೆ ಕೆಲಸ ಹೇಗೆ ನಿಭಾಯಿಸ್ತಿದ್ರಿ?”

 ಅವನು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಬಿಡಿಸಿಕೊಂಡ ರೀತಿಯಲ್ಲೇ ಅವಳಿಗೆ ಅರ್ಥವಾಯಿತು.

ಅವಳಿಗೆ ಒಬ್ಬನೇ ತಮ್ಮ. ಹನ್ನೆರಡು ವರ್ಷ ಚಿಕ್ಕವನು, ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ತನಗೆ ಮಕ್ಕಳಾಗದೆ ಹೋದಾಗ ‘ಇವನಿದ್ದಾನಲ್ಲ’ ಎಂದುಕೊಂಡು ಸುಮ್ಮನಾಗಿದ್ದಳು. ಎರಡು ವರ್ಷದ ಹಿಂದೆ ಗಂಡ ತಾನಾಗಿಯೇ ಓಡಾಡಿ ಅವನಿಗೆ ಕಾರ್ಖಾನೆಯ ಎಣ್ಣೆ ಗೋದಾಮಿನಲ್ಲಿ ಕೆಲಸ ಕೊಡಿಸಿದಾಗ ಅವಳಿಗೆ ಗಂಡನನ್ನು ತಲೆ ಮೇಲೆ ಹೊತ್ತು ಕುಣಿಯುವಷ್ಟು ಸಂತೋಷವಾಗಿತ್ತು. “ಭಾವ ನನಗೆ ಕಲಿಸ್ತಿದಾರೆ ಅಕ್ಕ. ಪ್ರತಿ ಪೀಪಾಯಿನೂ ಮೊದಲು ನೀನು ಮೂಸು, ನೀನೇ ಹೇಳು ಅಂತಾರೆ” ಎಂದು ತಮ್ಮ ಖುಷಿಯಿಂದ ಹೇಳಿದ್ದ.

ಹದಿನಾರು ತಿಂಗಳ ಹಿಂದೆ ಕಾರ್ಖಾನೆಯವರು ಅವಳು ವ್ಯಾನು ಓಡಿಸುವ ಶಾಲೆಗೇ ಬಿಸ್ಕತ್ತು ಹಂಚಿದರು. ಆ ಸಂಜೆ ಅವಳ ವ್ಯಾನಿನಲ್ಲಿ ಒಂಬತ್ತು ಮಕ್ಕಳು ವಾಂತಿ ಮಾಡಿಕೊಂಡವು. ಎಲ್ಲಕ್ಕಿಂತ ಚಿಕ್ಕ ಹುಡುಗಿ ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಕಮಟು ಹಿಡಿದ ಎಣ್ಣೆ ಎಂದು ಗೊತ್ತಾಯಿತು. ಪೀಪಾಯಿಗೆ ಹಸಿರು ಚೀಟಿ ಅಂಟಿಸಿದವನು ತಮ್ಮ. ತನಗೆ ತೋರಿಸದೆಯೇ ಅಂಟಿಸಿದ ಎಂದು ಗಂಡ ವಿಚಾರಣೆಯಲ್ಲಿ ಹೇಳಿದ. ತಮ್ಮನ ಕೆಲಸ ಹೋಯಿತು. ಆ ವಾರ ಅವನು ಮನೆಗೆ ಬಂದು, “ಅಕ್ಕ, ಒಂದು ಮಾತು ಕೇಳು” ಎಂದಾಗ ಅವಳು ಹೊಸ್ತಿಲು ದಾಟಲು ಬಿಡಲಿಲ್ಲ. “ಮಕ್ಕಳ ವಾಂತಿ ಬಳಿದ ಕೈ ಇದು. ಇದೇ ಕೈಯಲ್ಲಿ ನಿನಗೆ ಊಟಕ್ಕೆ ಬಡಿಸ್ಲಾ?” ಎಂದು ಬಾಗಿಲು ಹಾಕಿಕೊಂಡಿದ್ದಳು. ಅಂದಿನಿಂದ ಮಾತಿಲ್ಲ.

“ಅವತ್ತು ಏನಾಯ್ತು ಹೇಳಿ” ಎಂದಳು ಈಗ.

“ಬಿಟ್ಬಿಡೇ. ಆಗಿ ಹೋಗಿದ್ದು.”

“ಹೇಳಿ.”

ಅವನು ನೆಲ ನೋಡುತ್ತ ಹೇಳಿದ. ಅವತ್ತು ಲೋಡು ಇಳಿಸುವ ಇಬ್ಬರು ಆಳುಗಳೂ ಅಲ್ಲಿದ್ದರು. ಅವನು ಬಾಯಿ ತೆರೆಯುವ ಮೊದಲೇ ತಮ್ಮ, “ಭಾವ, ಇದು ಕಮಟು, ವಾಪಸ್ ಕಳಿಸೋಣ” ಎಂದುಬಿಟ್ಟ. ಆಳುಗಳಲ್ಲಿ ಒಬ್ಬ ನಕ್ಕು, “ಇನ್ಮೇಲೆ ಚಿಕ್ಕ ಸಾಹೇಬ್ರೇ ಸಾಕು ಬಿಡಿ” ಎಂದ.

“ನನಗೆ ಮೈಯೆಲ್ಲ ಉರಿದುಹೋಯ್ತು. ಗೊತ್ತಾಗಿಬಿಡ್ತೇನೋ ಅಂತ ಭಯಾನೂ ಆಯ್ತು. ಇಲ್ಲಿ ಮೂಗು ನಂದೋ ನಿಂದೋ ಅಂದೆ. ಹಸಿರು ಚೀಟಿ ಅಂಟಿಸು ಅಂದೆ. ಅವನು ಎರಡು ಸಲ ಬೇಡ ಅಂದ. ಮೂರನೇ ಸಲ ಅಂಟಿಸಿದ.”

“ಆ ಆಳುಗಳು?”

“ಅವರನ್ನ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.”

“ನೀವು ಹೇಳಬಹುದಿತ್ತಲ್ರೀ. ವಿಚಾರಣೇಲಿ ಬೇಡ, ಮನೆಗೆ ಬಂದು ನನ್ನ ಹತ್ರ. ನಾನು ಬಾಗಿಲು ಹಾಕಿದಾಗ ನೀವು ಒಳಗೇ ಕೂತಿದ್ರಿ.”

“ನೀನು ಅವನಿಗೆ ಬೈದಾಗ...” ಎಂದು ಅವನು ನಿಲ್ಲಿಸಿದ. “ನನಗೆ ಉಸಿರು ಬಂದ ಹಾಗಾಯ್ತು. ಇನ್ನು ಯಾರೂ ಕೇಳಲ್ಲ ಅಂತ.”

ಊಟಕ್ಕೆ ಬನ್ನಿ ಎಂದು ಒಡತಿ ಬಾಗಿಲು ತಟ್ಟಿದಳು. ಅವನೊಬ್ಬನೇ ಎದ್ದು ಹೋದ. ಕೆಳಗೆ ಅಂಗಳದಲ್ಲಿ ಹಲ್ಲಿನ ಡಾಕ್ಟರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಏನೋ ಕೇಳಿದರು. ಅವನು ನಾಲ್ಕು ದಿನದಲ್ಲಿ ಕಮಟು ಹಿಡಿದ ಎಣ್ಣೆಯ ಕಥೆ ಹೇಳತೊಡಗಿದ್ದು ಕಿಟಕಿಯಲ್ಲಿ ನಿಂತಿದ್ದ ಅವಳಿಗೆ ಕೇಳಿಸಿತು.

ಬೆಳಗ್ಗೆ ಅವಳು ದ್ರಾಕ್ಷಿ ಸಾಲುಗಳ ನಡುವೆ ನಡೆದು ಹೋಗಿ ಫೋನು ತೆಗೆದಳು. ತಮ್ಮ ತನ್ನ ನಂಬರು ಬದಲಿಸಿದ್ದ. ಅವನ ಹೆಂಡತಿಯ ನಂಬರಿಗೆ ಮಾಡಿದಳು. ಯಾರೆಂದು ತಿಳಿದ ಮೇಲೆ ಆಕೆ ಫೋನು ತನ್ನ ಗಂಡನ ಕೈಗೆ ಕೊಟ್ಟಳು.

“ಹೇಳು” ಎಂದ ತಮ್ಮ.

ಅವಳು ತಡವರಿಸುತ್ತ ಎಲ್ಲ ಹೇಳಿದಳು. ಕೆಟ್ಟ ಬಿರಡೆಯಿಂದ ಹಸಿರು ಚೀಟಿಯ ತನಕ. ಮುಗಿಸಿದ ಮೇಲೆ ಫೋನು ಕಟ್ಟಾಯಿತೇನೋ ಎಂದು “ಕೇಳ್ತಿದೆಯಾ?” ಎಂದಳು.

“ಕೇಳ್ತಿದೆ. ಭಾವನಿಗೆ ವಾಸನೆ ಬರಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು ಅಕ್ಕ. ದಿನಾ ಜೊತೇಲಿ ಇರೋನಿಗೆ ಗೊತ್ತಾಗಲ್ವಾ? ಮನೆ ಮರ್ಯಾದೆ ಅಂತ ಬಾಯಿ ಮುಚ್ಕೊಂಡಿದ್ದೆ.”

“ಕೆಲಸ ಹೋದ್ಮೇಲಾದ್ರೂ ಯಾಕೋ ಹೇಳಲಿಲ್ಲ?”

“ಹೇಳೋಕೇ ಬಂದಿದ್ದೆ. ಬಾಗಿಲಲ್ಲೇ ನಿಲ್ಲಿಸಿದ್ಯಲ್ಲ. ನೀನೇ ನಂಬಲ್ಲ ಅಂದ್ಮೇಲೆ ಆ ಮ್ಯಾನೇಜರ್ ನಂಬ್ತಾನಾ?”

ಅವಳು ಬಳ್ಳಿ ಕಟ್ಟಿದ ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅದೂ ಹೋಗ್ಲಿ” ಎಂದ ಅವನು. ಈಗ ದನಿ ಬೇರೆಯಾಗಿತ್ತು. “ಅಮ್ಮ ನನ್ನ ಮನೇಲೇ ಇದ್ದಳಲ್ಲ. ಕೊನೇವರೆಗೂ ಕೇಳ್ತಾನೇ ಇದ್ದಳು, ಯಾಕೋ ಹಾಗೆ ಮಾಡ್ದೆ, ಮಕ್ಕಳು ಅಂತಾದ್ರೂ ಅನ್ನಿಸ್ಲಿಲ್ವಾ ಅಂತ. ನಾನು ಮಾಡಿಲ್ಲ ಅಂದ್ರೆ, ಅಕ್ಕ ಹೇಳಿದ್ಮೇಲೆ ನಿಜಾನೇ ಇರ್ಬೇಕು ಅನ್ನೋಳು. ಈಗ ಹೋಗಿ ಅವಳಿಗೆ ಹೇಳ್ತೀಯಾ?”

ಅಮ್ಮ ಹೋಗಿ ಒಂಬತ್ತು ತಿಂಗಳಾಗಿತ್ತು. ಆ ದಿನ ತಮ್ಮ ಒಂದು ಮೂಲೆಯಲ್ಲಿ, ತಾನು ಇನ್ನೊಂದು ಮೂಲೆಯಲ್ಲಿ ನಿಂತಿದ್ದು ಅವಳಿಗೆ ನೆನಪಾಯಿತು. “ನಾನು ಮ್ಯಾನೇಜರ್ ಹತ್ರ ಹೋಗ್ತೀನಿ” ಎಂದಳು.

“ಹೋಗು, ಬೇಡ ಅನ್ನಲ್ಲ. ನನಗೋಸ್ಕರ ಅಂತ ಮಾತ್ರ ಹೋಗ್ಬೇಡ.”

ವಾಪಸು ಬರುವಾಗ ಅದೇ ರಸ್ತೆ, ಅದೇ ನದಿ. ಅವಳು ಎಲ್ಲೂ ನಿಲ್ಲಿಸಲಿಲ್ಲ. ತಿರುವುಗಳಲ್ಲಿ ಗಂಡ ಬಾಗಿಲ ಹಿಡಿ ಹಿಡಿದುಕೊಂಡು ಕೂತಿದ್ದ. ಅರ್ಧ ದಾರಿಯಲ್ಲಿ ಮಾತು ತೆಗೆದ.

“ಇನ್ನು ಏಳೇ ತಿಂಗಳು. ಮರ್ಯಾದೆಯಾಗಿ ನಿವೃತ್ತಿ ಆಗ್ಬಿಡ್ತೀನಿ. ಆಮೇಲೆ ನೀನು ಏನು ಹೇಳಿದ್ರೂ ಕೇಳ್ತೀನಿ. ತಮ್ಮನ ಕಾಲು ಬೇಕಾದ್ರೂ ಹಿಡೀತೀನಿ.”

“ಏಳು ತಿಂಗಳು ಯಾರ ಮೂಗು ಇಟ್ಕೊಂಡು ಚೀಟಿ ಅಂಟಿಸ್ತೀರಿ?”

“ಹೊಸಬಳು ಒಬ್ಬಳಿದಾಳೆ. ಚುರುಕಿದಾಳೆ.”

ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು.  “ನಾಳೆ ನೀವೇ ಹೋಗಿ ಹೇಳಿ. ಇಲ್ಲ ಅಂದ್ರೆ ನಾಡಿದ್ದು ನಾನು ಹೇಳ್ತೀನಿ” ಎಂದಳು. ಅವನು ಅತ್ತ. ಮೂವತ್ತು ವರ್ಷ ಕಟ್ಟಿದ್ದು ಎಂದ. ತನ್ನನ್ನು ಬೀದಿಗೆ ತರಬೇಡ ಎಂದ. ಕೊನೆಗೆ ಕಣ್ಣೊರೆಸಿಕೊಂಡು ಒಪ್ಪಿದ.

ಸೋಮವಾರ ಸಂಜೆ ಅವನು ಮನೆಗೆ ಬಂದಾಗ ಅವಳು ಕೇಳುವ ಅಗತ್ಯವೇ ಬೀಳಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೂ ಸುತ್ತ ಕೂತು ಪ್ರವಾಸದ ಕಥೆ ಕೇಳಿದರಂತೆ. ಕೆಟ್ಟ ವೈನನ್ನು ಬೇಕೆಂದೇ ಹೊಗಳಿ ತೋಟದ ಒಡತಿಯನ್ನೇ ಪರೀಕ್ಷೆ ಮಾಡಿದ್ದು ಕೇಳಿ ಮ್ಯಾನೇಜರ್ ಬೆನ್ನು ತಟ್ಟಿದನಂತೆ. “ಅಂಥ ಹೊತ್ತಲ್ಲಿ ಹೇಗೆ ಹೇಳ್ಲಿ?” ಎಂದ.

ಮಂಗಳವಾರ ಬೆಳಗ್ಗೆ ಹನ್ನೊಂದು ಸ್ಟಾಪು ಮುಗಿಸಿ, ವ್ಯಾನನ್ನು ಶಾಲೆಯಲ್ಲಿ ಬಿಟ್ಟು ಅವಳು ಕಾರ್ಖಾನೆಗೆ ಹೋದಳು. ಮ್ಯಾನೇಜರ್ ಕೂರಿಸಿ ನೀರು ಕೊಡಿಸಿ ಎಲ್ಲ ಕೇಳಿದ.  ಮುಗಿದ ಮೇಲೆ ಎದ್ದು ಬಾಗಿಲು ಭದ್ರ ಮಾಡಿ ಬಂದ.

“ಇದು ಇನ್ಯಾರಿಗೆ ಗೊತ್ತು?”

“ನನ್ನ ತಮ್ಮನಿಗೆ.”

“ನೋಡಿಮ್ಮಾ” ಎಂದ ಅವನು ಮೆತ್ತಗೆ. “ಇದು ಹೊರಗೆ ಬಂದ್ರೆ ಎರಡೂವರೆ ವರ್ಷದ ಮಾಲನ್ನೆಲ್ಲ ಪ್ರಶ್ನೆ ಮಾಡ್ತಾರೆ. ಕಾರ್ಖಾನೆ ಬಾಗಿಲು ಹಾಕಬೇಕಾಗುತ್ತೆ. ನಾನೂರು ಜನ ಇದಾರೆ ಇಲ್ಲಿ. ನಿಮ್ಮ ಯಜಮಾನರನ್ನ ನಾಳೆಯಿಂದಲೇ ಆ ಕೆಲಸದಿಂದ ತೆಗೀತೀನಿ. ಅಷ್ಟು ಭರವಸೆ ಕೊಡ್ತೀನಿ.”

“ನನ್ನ ತಮ್ಮ?”

“ಆ ಜಾಗ ಭರ್ತಿಯಾಗಿದೆ. ನಡತೆ ಒಳ್ಳೇದಿತ್ತು ಅಂತ ಒಂದು ಪತ್ರ ಕೊಡಬಹುದು.”

“ಅವನು ತಪ್ಪು ಮಾಡಿಲ್ಲ ಅಂತ ಬರೀರಿ.”

“ಅದು ಬರೆಯೋಕಾಗಲ್ಲ.” ಅವನ ದನಿಯಲ್ಲಿ ಒರಟುತನ ಸ್ವಲ್ಪವೂ ಇರಲಿಲ್ಲ. “ಅದು ಬರೆದ್ರೆ ಮತ್ಯಾರು ಮಾಡಿದ್ದು ಅಂತಲೂ ಬರೀಬೇಕಾಗುತ್ತೆ.”

ಶಾಲೆಯವರಿಗೆ ಮಾತ್ರ ಅವಳು ಹೇಳಿಯೇ ತೀರಿದಳು. ಪ್ರಿನ್ಸಿಪಾಲರು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ ಎಂದರು. ಬರೆದುಕೊಟ್ಟಳು. ಅವರು ಅದನ್ನು ಓದಿ, ಮಕ್ಕಳೆಲ್ಲ ಈಗ ಆರೋಗ್ಯವಾಗಿದ್ದಾರಲ್ಲ ಎಂದು ಕಪಾಟಿನಲ್ಲಿ ಇಟ್ಟರು. ಎರಡು ಸಲ ಹೋಗಿ ಕೇಳಿದಳು. ಮೂರನೇ ಸಲ ಕೇಳಿದಾಗ, ಮುಂದಿನ ವರ್ಷಕ್ಕೆ ವ್ಯಾನಿನ ರೂಟು ಬೇರೆಯವರಿಗೆ ಕೊಡುವ ಆಲೋಚನೆ ಇದೆ ಎಂಬ ಮಾತು ಬಂತು.

ಗಂಡ ಅನಾರೋಗ್ಯದ ಕಾರಣವೆಂದು ಆ ತಿಂಗಳೇ ನಿವೃತ್ತನಾದ. ಗೋಡೆಗೆ ಹಾಕುವಂಥ ಒಂದು ಫಲಕ ಕೊಟ್ಟರು, ಅದರ ಮೇಲೆ ಹಿತ್ತಾಳೆಯ ಮೂಗು. ಅವಳು ಆ ಸಮಾರಂಭಕ್ಕೆ ಹೋಗಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ. ಬಿಡಬೇಕೆಂದು ಬ್ಯಾಗು ತುಂಬಿದ್ದಳು. ಎಲ್ಲಿಗೆ ಎಂದು ಯೋಚಿಸಿದಾಗ ಹೋಗಬಹುದಾಗಿದ್ದ ಒಂದೇ ಒಂದು ಮನೆಯ ಬಾಗಿಲು ತಾನೇ ಹಾಕಿದ್ದು ಎಂದು ಅರಿವಾಗಿ ಬಟ್ಟೆಯನ್ನು ಮತ್ತೆ ಬೀರುವಿನಲ್ಲಿಟ್ಟಳು. ಅಡುಗೆ ಮಾಡಿ ಮೇಜಿನ ಮೇಲಿಡುತ್ತಿದ್ದಳು. ಅವನು ತಿನ್ನುವಾಗ ಅವಳು ಇನ್ನೊಂದು ಕೋಣೆಯಲ್ಲಿರುತ್ತಿದ್ದಳು.

ಒಂದು ಭಾನುವಾರ ಮ್ಯಾನೇಜರ್ ಕೊಟ್ಟ ಪತ್ರ ಇಟ್ಟುಕೊಂಡು ಅವಳೊಬ್ಬಳೇ ತಮ್ಮನ ಊರಿಗೆ ಕಾರು ಓಡಿಸಿಕೊಂಡು ಹೋದಳು. ಮೂರು ಗಂಟೆಯ ದಾರಿ. ತಮ್ಮ ಅಲ್ಲಿ ಮೀನು ಇಡುವ ಶೈತ್ಯಾಗಾರದಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕಿದ್ದ. ಎರಡು ಕೋಣೆಯ ಮನೆ. ತಮ್ಮನ ಹೆಂಡತಿ ಕುರ್ಚಿ ಒರೆಸಿ ಕೊಟ್ಟಳು. ಮಗಳು ಬಾಗಿಲ ಸಂದಿಯಿಂದ ನೋಡಿ, “ಯಾರಮ್ಮಾ?” ಎಂದು ಕೇಳಿದಳು. “ಅಪ್ಪನ ಕಡೆಯೋರು” ಎಂದಳು ತಾಯಿ.

ತಮ್ಮ ಚಳಿಗೆ ಬಿರಿದ ಬೆರಳುಗಳಲ್ಲಿ ಪತ್ರ ಬಿಡಿಸಿ ಓದಿದ. ಎರಡೇ ಸಾಲು. “ನಡತೆ ಒಳ್ಳೇದಿತ್ತಂತೆ” ಎಂದು ಹೆಂಡತಿಗೆ ಹೇಳಿದ. ಮಡಿಸಿ ಅಕ್ಕನ ಕೈಗೇ ಕೊಟ್ಟ. “ಇಲ್ಲಿ ಇದನ್ನೆಲ್ಲ ಯಾರೂ ಕೇಳಲ್ಲ.”

ಕಾಫಿ ಕೊಟ್ಟರು. ಅವಳು ರಸ್ತೆಯ ಬಗ್ಗೆ, ಮಗುವಿನ ಶಾಲೆಯ ಬಗ್ಗೆ ಮಾತಾಡಿದಳು. ಅವರು ಕೇಳಿದ್ದಕ್ಕೆ ಉತ್ತರ ಹೇಳಿದರು. ಕ್ಷಮಿಸು ಎಂದು ಹೇಳಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅವನು ಎದ್ದು ಕಿಟಕಿ ಸರಿಮಾಡಿದ, ಮಗುವನ್ನು ಕರೆದ. ಊಟದ ಹೊತ್ತಾಗಿತ್ತು. ಒಳಗೆ ಒಲೆಯ ಮೇಲೆ ಏನೋ ಬೇಯುತ್ತಿತ್ತು. ಇರಿ ಎಂದು ಯಾರೂ ಹೇಳಲಿಲ್ಲ. ಅವಳು ಎದ್ದಳು.

ತಮ್ಮ ಕಾರಿನ ತನಕ ಬಂದ. ಅವಳು ಒಳಗೆ ಕೂತ ಮೇಲೆ ಬಾಗಿಲು ಹಾಕಿ ಕಿಟಕಿಗೆ ಬಗ್ಗಿದ.

“ನಿಧಾನವಾಗಿ ಹೋಗಿ ಅಕ್ಕ. ಇನ್ನೊಂದ್ಸಲ ಬರೋದಿದ್ರೆ ಮೊದಲೇ ಒಂದು ಫೋನ್ ಮಾಡಿ” ಎಂದ.

ಮಾತು ಕಲಿತ ದಿನದಿಂದ ಅವನು ಅಕ್ಕನನ್ನು ‘ನೀನು’ ಎಂದೇ ಕರೆದವನು. ಫೋನಿನಲ್ಲಿ ಸಿಟ್ಟಿನಿಂದ ಮಾತಾಡುವಾಗಲೂ ಹಾಗೇ ಕರೆದಿದ್ದ. ಈಗ ಬಾಡಿಗೆ ಮನೆಯ ಒಡೆಯರೊಂದಿಗೋ ಡಾಕ್ಟರೊಂದಿಗೋ ಮಾತಾಡುವಂತೆ, ಮರ್ಯಾದೆಯಿಂದ, ಬಹುವಚನದಲ್ಲಿ ಬೀಳ್ಕೊಟ್ಟ. ಅವಳು ತಲೆಯಾಡಿಸಿ ಕಾರು ಹೊರಡಿಸಿದಳು. ಕನ್ನಡಿಯಲ್ಲಿ ನೋಡುವ ಹೊತ್ತಿಗೆ ಅವನು ಆಗಲೇ ಒಳಗೆ ಹೋಗಿಯಾಗಿತ್ತು.